ಹಾಡು ಹುಡುಕಿಕೊಟ್ಟವರು

1975ರ ಮುಂಗಾರಿನಲ್ಲಿ ರಾಯಚೂರು ಜಿಲ್ಲೆಯ ನಮ್ಮೂರ ಶಾಲೆಯ ಅಂಗಳಕ್ಕೆ ಒಂದು ಲಾರಿ ಬಂತು. ಅದರಲ್ಲಿ ಕಬ್ಬಿಣದ ಪಟ್ಟಿಗಳು, ಒಂದು ದೊಡ್ಡ ಪೆಟ್ಟಿಗೆ, ಜೊತೆಗೆ ಕೋಳಿಗೂಡಿಗೆ ಹೊಡೆಯುವಂಥ ತಂತಿ ಜಾಳಿಗೆಯ ಸುರುಳಿಗಳು. ಬಂದವರು ಆ ಜಾಳಿಗೆಯಿಂದ ಹತ್ತಡಿ ಅಗಲದ ಬುಟ್ಟಿಯೊಂದನ್ನು ಕಟ್ಟಿ, ಆಕಾಶಕ್ಕೆ ಬಾಯಿ ಮಾಡಿ ನಿಲ್ಲಿಸಿದರು. ನಾನಾಗ ಮೂರನೆಯ ಕ್ಲಾಸು. ಮಳೆ ನೀರು ಹಿಡಿಯುವುದಕ್ಕೆ ಅಂತ ಒಬ್ಬರು, ಹಕ್ಕಿ ಹಿಡಿಯುವುದಕ್ಕೆ ಅಂತ ಇನ್ನೊಬ್ಬರು ಅಂದರು. ಅದು ಹಿಡಿಯುತ್ತಿದ್ದದ್ದು ಹಾಡನ್ನು ಎಂದು ನಮಗೆ ಗೊತ್ತಾದದ್ದು ಆಗಸ್ಟ್ ತಿಂಗಳಲ್ಲಿ.

ಅದಕ್ಕೆ ಸೈಟ್ ಎಂದು ಹೆಸರು. ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ಪಾಠ ಕಳಿಸುವ ಪ್ರಯೋಗ. ಅಮೆರಿಕದ ನಾಸಾ ತನ್ನ ಎಟಿಎಸ್–6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಕೊಟ್ಟಿತ್ತು. 1969ರಲ್ಲಿ ವಿಕ್ರಂ ಸಾರಾಭಾಯಿ ಅವರ ಕಾಲದಲ್ಲಿ ಆದ ಒಪ್ಪಂದ ಅದು. ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಅವರೇ ಇರಲಿಲ್ಲ. ಆರು ರಾಜ್ಯಗಳ 2400 ಹಳ್ಳಿಗಳನ್ನು ಆರಿಸಿದ್ದರು. ಕರ್ನಾಟಕದ ಪಾಲಿಗೆ ಬಂದದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಅಂದರೆ ರಾಜಧಾನಿಗಿಂತ ಆರು ವರ್ಷ ಮೊದಲೇ, ಕರೆಂಟು ಸರಿಯಾಗಿಲ್ಲದ ನಮ್ಮ ಬಿಸಿಲೂರುಗಳ ಮಕ್ಕಳು ಕನ್ನಡದ ಟಿ.ವಿ. ನೋಡಿದರು. ಈ ಮಾತನ್ನು ನಾನು ಮೂವತ್ತಾರು ವರ್ಷದ ಮಾಸ್ತರಿಕೆಯಲ್ಲಿ ಎಷ್ಟೋ ತರಬೇತಿಗಳಲ್ಲಿ ಹೇಳಿದ್ದೇನೆ. ನಂಬದವರೇ ಹೆಚ್ಚು.

ಬೆಳಿಗ್ಗೆ ಶಾಲೆಯ ಹೊತ್ತಿನಲ್ಲಿ ಪ್ರತಿ ಭಾಷೆಗೂ ಇಪ್ಪತ್ತೆರಡೂವರೆ ನಿಮಿಷದ ಮಕ್ಕಳ ಕಾರ್ಯಕ್ರಮ. ಹಿಂದಿ, ಒಡಿಯಾ, ತೆಲುಗು, ಕನ್ನಡ. ನಮ್ಮ ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಐದರಿಂದ ಹನ್ನೆರಡು ವರ್ಷದ ಮಕ್ಕಳು ಖುಷಿಯಿಂದ ಶಾಲೆಗೆ ಬರಲಿ, ಬಂದವರು ಉಳಿಯಲಿ ಎಂಬುದು ಅವನ್ನು ತಯಾರಿಸಿದವರ ಆಸೆ.

ಟಿ.ವಿ.ಗೆ ಎರಡು ಮರದ ಕದಗಳಿದ್ದವು. ಬೀಗದ ಕೈ ನಮ್ಮ ಗುರುಗಳ ಜನಿವಾರಕ್ಕೆ ಕಟ್ಟಿಕೊಂಡಿರುತ್ತಿತ್ತು. ಅವರು ಕದ ತೆಗೆದು ಗುಂಡಿ ಒತ್ತಿದರೆ ಮೊದಲು ಜಿರ್ರ್ ಎನ್ನುವ ಸದ್ದು, ಆಮೇಲೆ ಜೋಳದ ಹಿಟ್ಟು ಎರಚಿದಂತೆ ಬಿಳಿ ಚುಕ್ಕಿಗಳು, ಆ ಚುಕ್ಕಿಗಳೊಳಗಿಂದ ನಿಧಾನಕ್ಕೆ ಒಂದು ಮುಖ. ಎಂಬತ್ತು ಮಕ್ಕಳು ನೆಲದ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿರುತ್ತಿದ್ದೆವು. ಒಬ್ಬ ಅಕ್ಕ ಕೈ ಆಡಿಸುತ್ತ ಹಾಡುತ್ತಿದ್ದಳು. ಬಟ್ಟೆಯ ಗೊಂಬೆಯೊಂದು ಅವಳಿಗೆ ದನಿಗೂಡಿಸುತ್ತಿತ್ತು. ಹಾಡಿನ ಮಾತು ನನಗೆ ಅರ್ಧ ಮರೆತಿದೆ. ಮರೆಯದೇ ಇರುವುದು ಅದಾದ ಮೇಲಿನದು.

ಕಾರ್ಯಕ್ರಮ ಮುಗಿದ ಕೂಡಲೇ ಗುರುಗಳು ಕದ ಮುಚ್ಚಿ, ಟಿ.ವಿ.ಯ ಮುಂದೆ ತಾವೇ ನಿಂತುಕೊಳ್ಳುತ್ತಿದ್ದರು. “ಈಗ ನಮ್ಮ ಪಾಳಿ. ಯಾರು ಹೇಳ್ತೀರಿ?” ಮೊದಲ ಸಾಲು ಒಬ್ಬನಿಗೆ ನೆನಪಿರುತ್ತಿತ್ತು, ಮೂರನೆಯದು ಇನ್ನೊಬ್ಬಳಿಗೆ. ನಡುವಿನ ಸಾಲು ಯಾರಿಗೂ ಸಿಕ್ಕದಿದ್ದರೆ ಗುರುಗಳು, “ಇರ್ಲಿ ಬಿಡ್ರಿ, ಅಲ್ಲಿ ನಮ್ಮ ತುಂಗಭದ್ರಾ ಹಾಕೋಣು” ಎಂದು ತಾವೇ ಒಂದು ಸಾಲು ಕಟ್ಟುತ್ತಿದ್ದರು. ಆ ಹಾಡು ಹಗರಿ ಹಳ್ಳಕ್ಕೂ ಹೋಯಿತು, ಎಮ್ಮೆ ತೊಳೆಯುವ ಹೊಂಡಕ್ಕೂ ಹೋಯಿತು. ಹೈದರಾಬಾದಿನಿಂದ ಹೊರಟು ಆಕಾಶಕ್ಕೇರಿ ಬಂದ ಹಾಡು ಒಂದೇ ವಾರದಲ್ಲಿ ನಮ್ಮೂರದಾಗುತ್ತಿತ್ತು.

1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಉಪಗ್ರಹವನ್ನು ಅಮೆರಿಕದವರು ತಮ್ಮ ಕಡೆಗೆ ಸರಿಸಿಕೊಂಡರು. ಆಮೇಲೂ ನಾವು ಎಂದಿನಂತೆ ಹೋಗಿ ಕೂತೆವು. ಗುರುಗಳು ಕದ ತೆಗೆದರು, ಹಿಟ್ಟಿನ ಚುಕ್ಕಿ ಬಂತು, ಮುಖ ಬರಲಿಲ್ಲ. ಮೂರು ದಿನ ಕೂತಿದ್ದೆವು. ನಾಲ್ಕನೆಯ ದಿನ ಅವರು ಕದ ತೆಗೆಯಲಿಲ್ಲ, ನೇರವಾಗಿ ಹಾಡಿಸಿದರು.

ಚಿತ್ರವೂ ಹಾಡೂ ಒಟ್ಟಿಗೆ ನಮ್ಮ ಭಾಗದ ಮಕ್ಕಳ ಕಣ್ಣಿಗೆ ಬಿದ್ದದ್ದು ಅದೇ ಮೊದಲಲ್ಲ. ಟಿ.ವಿ. ನೋಡಿ ಬಂದ ನಮ್ಮಜ್ಜಿ “ಇದು ತೊಗಲುಗೊಂಬಿ ಆಟನ ಬಿಡವ್ವಾ, ದೀಪ ಒಳಗ ಇಟ್ಟಾರ” ಅಂದಿದ್ದರು. ಅಜ್ಜಿಯ ಮಾತಿನಲ್ಲಿ ತಪ್ಪಿಲ್ಲ. ಕಿಳ್ಳೇಕ್ಯಾತರ ಮೇಳ ಊರಿಗೆ ಬಂದರೆ ಹನುಮಪ್ಪನ ಗುಡಿಯ ಮುಂದೆ ಕಂಬಳಿಯ ಮರೆ ಕಟ್ಟಿ, ನಡುವೆ ಬಿಳಿ ಧೋತರ ಬಿಗಿದು, ಹಿಂದೆ ದೀಪ ಹಚ್ಚುತ್ತಿದ್ದರು. ಹದ ಮಾಡಿದ ತೊಗಲು ಎಷ್ಟು ತೆಳ್ಳಗೆ ಎಂದರೆ ಬೆಳಕು ಅದರ ಮೈಯೊಳಗಿಂದ ಹಾಯ್ದು ಬಣ್ಣವನ್ನು ಪರದೆಗೆ ಒಯ್ಯುತ್ತಿತ್ತು. ಸೀತೆಯ ಸೀರೆಯ ಕೆಂಪು ಪರದೆಯ ಮೇಲೆ ಕೆಂಪಾಗಿಯೇ ಕಾಣುತ್ತಿತ್ತು. ನಮ್ಮೂರಿನ ಟಿ.ವಿ.ಯಲ್ಲಿ ಆ ಕೆಂಪು ಇರಲಿಲ್ಲ. ಹಿಂದೆ ಕೂತ ಹೆಣ್ಣುಮಗಳು ಹಾರ್ಮೋನಿಯಂ ಒತ್ತುತ್ತ ಹಾಡುತ್ತಿದ್ದಳು. ಗೊಂಬೆ ಆಡಿಸುವವರು ಹಲಗೆಯನ್ನು ಕಾಲಿನಿಂದ ಒದ್ದರೆ ಯುದ್ಧ.

ರಾಮಾಯಣದ ಕಥೆ ಬೆಳತನಕ ನಡೆಯುವುದು ದೊಡ್ಡವರಿಗಾಗಿ. ಮಕ್ಕಳಿಗೆ ಬೇಕಾದದ್ದು ನಡುವೆ ಬರುವ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕನ ಜೋಡಿ. ಅವರ ಜಗಳ, ಕುಣಿತ, ಹಾಡು. ಮುಂದಿನ ಸಾಲಿನ ಹುಡುಗರು ತೂಕಡಿಸುತ್ತಿದ್ದಾರೆ ಎಂದು ಪರದೆಯ ಹಿಂದಿನವರಿಗೆ ಹೇಗೋ ತಿಳಿಯುತ್ತಿತ್ತು. ಆಗ ರಾವಣನನ್ನು ಬದಿಗಿಟ್ಟು ಬಂಗಾರಕ್ಕನನ್ನು ಕರೆಸುತ್ತಿದ್ದರು. ಊರ ಗೌಡರ ಮೊಮ್ಮಗನ ಹೆಸರು, ಕೊಟ್ಟ ಕಾಳಿನ ಲೆಕ್ಕ, ಆ ವರ್ಷದ ಮಳೆ, ಎಲ್ಲ ಹಾಡಿನೊಳಗೆ ಬರುತ್ತಿತ್ತು. ಆಗ ರಾಯಚೂರು ಜಿಲ್ಲೆಯಲ್ಲೇ ಇದ್ದು, 1997ರಲ್ಲಿ ಕೊಪ್ಪಳ ಜಿಲ್ಲೆಗೆ ಸೇರಿದ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಂಬತ್ತಾರರ ವಯಸ್ಸಿನಲ್ಲಿ. ಪೇಪರಿನಲ್ಲಿ ಅವರ ಫೋಟೊ ನೋಡಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನಾಲ್ಕು ತಲೆಮಾರಿನ ಮಕ್ಕಳಿಗೆ ಚಿತ್ರ ತೋರಿಸಿ ಹಾಡಿದ ಮನೆತನಗಳ ಲೆಕ್ಕ ಎಲ್ಲಿಯೂ ಬರೆದಿಟ್ಟಿಲ್ಲ. ಆ ಒಂದು ಫೋಟೊದಲ್ಲಾದರೂ ಅದು ಬಂತು.

ಜಾತ್ರೆಯಲ್ಲಿ ಬಯಾಸ್ಕೋಪಿನವನು ಬೇರೆ. ಕೊಪ್ಪಳದ ಗವಿಮಠದ ಜಾತ್ರೆಗೆ ಅಪ್ಪ ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಹೋಗುತ್ತಿದ್ದರು. ಮೂರು ಕಾಲಿನ ಮೇಲೆ ಬಣ್ಣದ ತಗಡಿನ ಪೆಟ್ಟಿಗೆ, ಅದಕ್ಕೆ ಡಬ್ಬಿಯ ಮುಚ್ಚಳದಷ್ಟು ದೊಡ್ಡ ಕಿಂಡಿಗಳು. ಹತ್ತು ಪೈಸೆ ಕೊಟ್ಟು ಕಿಂಡಿಗೆ ಕಣ್ಣಿಟ್ಟರೆ ಒಳಗೆ ಪಟಗಳ ಸುರುಳಿ ಸರಿಯುತ್ತಿತ್ತು. ಪೆಟ್ಟಿಗೆಯ ಮೇಲೆ ಗೆಜ್ಜೆ ಕಟ್ಟಿದ ಗೊಂಬೆ. ಅವನು ಒಂದು ಕೈಯಲ್ಲಿ ಸುರುಳಿ ತಿರುವುತ್ತ, ಇನ್ನೊಂದರಲ್ಲಿ ಗೊಂಬೆಯ ದಾರ ಎಳೆಯುತ್ತ, ಬಂದ ಪಟಕ್ಕೆ ತಕ್ಕ ಹಾಡು ಹೇಳುತ್ತಿದ್ದ. ಪಟ ತಲೆಕೆಳಗಾಗಿ ಸಿಕ್ಕಿಕೊಂಡರೆ ಅದನ್ನು ಬಿಡಿಸುವ ತನಕ ಅದೇ ಸಾಲನ್ನು ಎಳೆದು ಹಾಡುತ್ತಿದ್ದ. ಮಕ್ಕಳಿಗೆ ಅದು ಹಾಡಿನ ಭಾಗವೇ. ತಿರುಗಿ ಮನೆಗೆ ಬಂದು ಆಡುವಾಗ ನಾವೂ ಅಲ್ಲಿ ಎಳೆಯುತ್ತಿದ್ದೆವು.

ಪುಸ್ತಕದ ಹಾಡುಗಳು ನಮ್ಮ ಕಡೆ ತಡವಾಗಿ ಬಂದವು. ಅದಕ್ಕೆ ಕಾರಣವಿದೆ. 1956ರ ತನಕ ನಾವು ಹೈದರಾಬಾದ್ ರಾಜ್ಯದವರು. ಅಪ್ಪ ಓದಿದ್ದು ಉರ್ದು ಶಾಲೆಯಲ್ಲಿ, ಕನ್ನಡದ ಅಕ್ಷರ ಕಲಿತದ್ದು ಮಠದಲ್ಲಿ. ಅಂಥ ರಾಯಚೂರಿನಲ್ಲಿ 1934ರ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷರಾಗಿ ಬಂದವರು ಪಂಜೆ ಮಂಗೇಶರಾಯರು. ಹಾವಿನ ಮೇಲೆ, ತೆಂಕಣ ಗಾಳಿಯ ಮೇಲೆ, ಮೂಡುವ ಸೂರ್ಯನ ಮೇಲೆ ಮಕ್ಕಳಿಗಾಗಿ ಬರೆದ ಮನುಷ್ಯ. ಬಂಟ್ವಾಳದಲ್ಲಿ ಹುಟ್ಟಿ, ಮಂಗಳೂರು, ಮಡಿಕೇರಿಗಳಲ್ಲಿ ಮಾಸ್ತರಿಕೆ ಮಾಡಿದವರು, ಶಾಲೆಯಲ್ಲಿ ಕನ್ನಡ ಸಿಗದ ಮಕ್ಕಳ ಊರಿಗೆ ಬಂದಿದ್ದರು. ಅವರ ಹಾಡನ್ನು ಅಪ್ಪ ಹುಡುಗನಾಗಿದ್ದಾಗ ಕೇಳಲಿಲ್ಲ. ನನ್ನ ಪಾಠಪುಸ್ತಕದಲ್ಲಿ ಓದಿ, ನನಗಿಂತ ಮೊದಲು ಬಾಯಿಪಾಠ ಮಾಡಿದರು. ಹೊಲದಿಂದ ಬಂದು ಕಾಲು ತೊಳೆಯುತ್ತ ನಾಗರ ಹಾವಿನ ಪದ್ಯ ಹೇಳುತ್ತಿದ್ದರು. ನಲವತ್ತರ ಗಂಡಸಿನ ಬಾಯಲ್ಲಿ ಮಕ್ಕಳ ಪದ್ಯ ಕೇಳಿ ಅವ್ವ ನಗುತ್ತಿದ್ದಳು. ಅಪ್ಪ ನಗುತ್ತಿರಲಿಲ್ಲ.

ಜಿ.ಪಿ. ರಾಜರತ್ನಂ ಅವರ ‘ತುತ್ತೂರಿ’ಯನ್ನು ನಾನು ಟೀಚರ್ ಆದ ಮೇಲೆ ಸರಿಯಾಗಿ ಓದಿದೆ. ಚಿಕ್ಕ ಮಕ್ಕಳಿಗೆ ಪಾಠ ಹೇಳಿದ ಅನುಭವ ಇದ್ದವರು ಮಾತ್ರ ಹಾಗೆ ಬರೆಯಬಲ್ಲರು. ಸಾಲು ಎಲ್ಲಿ ಮುಗಿಯಬೇಕು ಎಂಬುದನ್ನು ಅವರು ಮಗುವಿನ ಉಸಿರಿಗೆ ಅಳೆದಿದ್ದಾರೆ. ಐದು ವರ್ಷದ ಕೂಸು ಒಂದೇ ಉಸಿರಿನಲ್ಲಿ ಹೇಳುವಷ್ಟೇ ಉದ್ದ. ಇದನ್ನು ನಾನು ತರಗತಿಯಲ್ಲಿ ನೂರು ಸಲ ನೋಡಿದ್ದೇನೆ. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು ಮಕ್ಕಳಕೂಟ ಕಟ್ಟಿ ಮಕ್ಕಳನ್ನೇ ವೇದಿಕೆಗೆ ಏರಿಸಿದರು, ಆಕಾಶವಾಣಿ ಮಕ್ಕಳ ಕಾರ್ಯಕ್ರಮ ಕೊಟ್ಟಿತು. ಆದರೆ ನಮ್ಮೂರಲ್ಲಿ ರೇಡಿಯೊ ಇದ್ದದ್ದು ಪಂಚಾಯತಿ ಕಟ್ಟೆಯ ಮೇಲೆ. ಅಲ್ಲಿ ಹೆಣ್ಣುಮಕ್ಕಳು ನಿಲ್ಲುವಂತಿರಲಿಲ್ಲ.

ಆಮೇಲೆ ಎಂಬತ್ತರ ದಶಕ, ದೂರದರ್ಶನ, ಮತ್ತು ಆ ಹಕ್ಕಿಗಳು. ನನ್ನ ವಯಸ್ಸಿನವರಿಗೆ ಹೇಳಬೇಕಾಗಿಲ್ಲ. ಕಾಳಿಗೆ ಬಂದ ಹಕ್ಕಿಗಳು ಬೇಡನ ಬಲೆಗೆ ಸಿಕ್ಕಿ, ಒಟ್ಟಾಗಿ ಬಲೆಯನ್ನೇ ಎತ್ತಿಕೊಂಡು ಹಾರುವ ಪುಟ್ಟ ಕಾರ್ಟೂನು. 1974ರಲ್ಲಿ ಫಿಲ್ಮ್ಸ್ ಡಿವಿಷನ್ ತಯಾರಿಸಿದ ‘ಏಕ್ ಅನೇಕ್ ಔರ್ ಏಕತಾ’. ನಿರ್ದೇಶಿಸಿದವರು ವಿಜಯಾ ಮುಳೆ, ಚಿತ್ರ ಓಡಿಸಿದವರು ಭೀಮ್‌ಸೇನ್, ಸಂಗೀತ ವಸಂತ ದೇಸಾಯಿ ಅವರದು. ಹಾಡಿದ ಪುಟ್ಟ ಹುಡುಗಿ ಮುಂದೆ ಕನ್ನಡ ಸಿನಿಮಾದಲ್ಲೂ ಹಾಡಿದ ಸಾಧನಾ ಸರಗಮ್. ಹಿಂದಿಯಲ್ಲಿ ನಮಗೆ ತಿಳಿದದ್ದು ಒಂದು ಎನ್ನುವುದೂ ಅನೇಕ ಎನ್ನುವುದೂ ಅಷ್ಟೆ. ಉಳಿದದ್ದನ್ನು ಚಿತ್ರ ಹೇಳಿತು. ಅಕ್ಕ ತಮ್ಮನಿಗೆ ಕಥೆ ಹೇಳುತ್ತಾಳೆ, ತಮ್ಮ ತಿಳಿಯದಿದ್ದರೆ ಮತ್ತೆ ಕೇಳುತ್ತಾನೆ, ಅಕ್ಕ ಮತ್ತೆ ಹೇಳುತ್ತಾಳೆ. ಹಾಡು ಅವನ ಪ್ರಶ್ನೆಗಾಗಿ ನಿಲ್ಲುತ್ತದೆ. ವಿಜಯಾ ಮುಳೆ ಅವರು ಶೈಕ್ಷಣಿಕ ತಂತ್ರಜ್ಞಾನ ಕೇಂದ್ರದಲ್ಲಿದ್ದು ಸೈಟ್‌ನ ಹಳ್ಳಿ ಮಕ್ಕಳಿಗಾಗಿ ಚಿತ್ರಗಳನ್ನು ಮಾಡಿಸಿದವರು ಎಂದು ಎಷ್ಟೋ ವರ್ಷಗಳ ಮೇಲೆ ಓದಿದಾಗ ನನಗೆ ಮೈ ಜುಮ್ಮೆಂದಿತು. ನಮಗೆ ಹಾಡು ಹುಡುಕುವುದಕ್ಕೆ ದಿಲ್ಲಿಯಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದಳು. ಅವರು 2019ರಲ್ಲಿ, ತೊಂಬತ್ತೆಂಟು ದಾಟಿದ ಮೇಲೆ ತೀರಿಕೊಂಡರು.

ನಾನು ಟೀಚರ್ ಆದಾಗ ಶಾಲೆಯಲ್ಲಿ ಟಿ.ವಿ. ಇರಲಿಲ್ಲ, ಕ್ಯಾಸೆಟ್ ಪ್ಲೇಯರ್ ನನ್ನದೇ. 1993ರಲ್ಲಿ ನಾಗಾಭರಣ ಅವರ ‘ಚಿನ್ನಾರಿ ಮುತ್ತ’ ಬಂದಾಗ ಎಚ್.ಎಸ್. ವೆಂಕಟೇಶಮೂರ್ತಿ ಬರೆದು ಸಿ. ಅಶ್ವತ್ಥ್ ರಾಗ ಹಾಕಿದ ಅದರ ಹಾಡುಗಳನ್ನು ಟೇಪು ಸವೆಯುವ ತನಕ ಹಾಕಿದೆ. ಆಮೇಲೆ ನಲಿ–ಕಲಿ ಎಂಬ ಕಲಿಕೆಯ ಪದ್ಧತಿ ಬಂತು. 1995ರಲ್ಲಿ ಎಚ್.ಡಿ. ಕೋಟೆಯ ಕೆಲವು ಶಿಕ್ಷಕರು ರಿಷಿ ವ್ಯಾಲಿಗೆ ಹೋಗಿ ನೋಡಿ ಬಂದು ಶುರು ಮಾಡಿದ್ದು, 2009ರ ಹೊತ್ತಿಗೆ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ತಲೆಯ ಮೇಲೆ ದಾರದ ಕಲಿಕಾ ಚಪ್ಪರ, ಗೋಡೆಗೆ ಮಕ್ಕಳ ಎತ್ತರದಲ್ಲಿ ಕಪ್ಪು ಬಣ್ಣ, ನೆಲದ ಮೇಲೆ ಗುಂಪುತಟ್ಟೆ, ಕೈಯಲ್ಲಿ ಕಾರ್ಡು, ಬಾಯಲ್ಲಿ ಹಾಡು. ಆ ಪದ್ಧತಿಯ ಮೇಲೆ ಏನೇನೋ ತಕರಾರುಗಳಿವೆ, ಕೆಲವು ನಿಜವೂ ಹೌದು. ಆದರೆ ಹಾಡನ್ನು ಪಾಠ ಮುಗಿದ ಮೇಲಿನ ಬೆಲ್ಲದ ಚೂರಿನಂತೆ ಕೊಡದೆ, ಪಾಠವಾಗಿಯೇ ಒಪ್ಪಿಕೊಂಡ, ನಾನು ಕಂಡ ಮೊದಲ ಸರ್ಕಾರಿ ಕಾಗದ ಅದು. ಅದಕ್ಕಾಗಿ ನಾನು ಅದರ ಪರ.

ಸಿ.ಡಿ.ಗಳ ಕಾಲದಲ್ಲಿ ರಾಯಚೂರು ಬಸ್‌ಸ್ಟ್ಯಾಂಡಿನ ಅಂಗಡಿಯೊಂದರಲ್ಲಿ ಸಂಬಳದ ದುಡ್ಡಿನಲ್ಲಿ ಹನ್ನೊಂದು ಸಿ.ಡಿ. ಕೊಂಡು ತಂದೆ. ಮೇಲೆ ಕನ್ನಡ ಮಕ್ಕಳ ಗೀತೆಗಳು ಎಂದಿತ್ತು. ಹಾಕಿ ನೋಡಿದರೆ ಏಳು ಸಿ.ಡಿ.ಗಳಲ್ಲಿ ಇಂಗ್ಲಿಷಿನ ಪದ್ಯಗಳೇ, ಕನ್ನಡದ ಪದ ತೊಡಿಸಿಕೊಂಡು ಕೂತಿದ್ದವು. ಕುರಿಯ ಉಣ್ಣೆಯ ಹಾಡು ಸರಿ, ನಮ್ಮಲ್ಲೂ ಕುರಿಗಳಿವೆ. ಲಂಡನ್ನಿನ ಸೇತುವೆ ಬೀಳುವುದನ್ನು ತುಂಗಭದ್ರೆಯ ಮಕ್ಕಳಿಗೆ ಏನೆಂದು ತಿಳಿಸಲಿ? ಮಳೆಗೆ ಹೋಗೆಂದು ಹೇಳುವ ಹಾಡಂತೂ ನನ್ನ ಎದೆಗೆ ಚುಚ್ಚಿತು. ಎರಡನೆಯ ಕ್ಲಾಸಿನ ಒಬ್ಬ ಹುಡುಗ ಅದನ್ನು ಕೇಳಿ, “ಟೀಚರ್, ಮಳಿಗೆ ಹಂಗ ಅನ್ನಬಾರದರೀ, ಸಿಟ್ಟಾಗತೈತಿ” ಅಂದ. ಆ ಸಿ.ಡಿ.ಯನ್ನು ನಾನು ಮತ್ತೆ ಹಾಕಲಿಲ್ಲ.

ಈಗ ಹಾಡಿಗೆ ಬರವಿಲ್ಲ. 2005ರಲ್ಲಿ ಯೂಟ್ಯೂಬ್, 2016ರ ಸೆಪ್ಟೆಂಬರಿನಲ್ಲಿ ಜಿಯೊ, ಆಮೇಲೆ ಹೊಲದ ಬದುವಿನ ಮೇಲೂ ಹಾಡು. ಚೆನ್ನೈಯಲ್ಲಿ ಒಬ್ಬ ತಂದೆ ಮಗಳಿಗಾಗಿ ಮಾಡಿದ ಚಿಕ್ಕ ವಿಡಿಯೊದಿಂದ ಚುಚು ಟಿ.ವಿ. ಹುಟ್ಟಿ ಲೋಕವೆಲ್ಲ ಹರಡಿತು. ಬೆಂಗಳೂರಿನ ಇನ್ಫೋಬೆಲ್ಸ್ ಕನ್ನಡದಲ್ಲೂ ಹಾಡು ಮಾಡುತ್ತದೆ. ಕೊರಿಯಾದ ಪಿಂಕ್‌ಫಾಂಗ್‌ನ ‘ಬೇಬಿ ಶಾರ್ಕ್’ 2020ರ ನವೆಂಬರಿನಲ್ಲಿ ಯೂಟ್ಯೂಬಿನಲ್ಲೇ ಅತಿ ಹೆಚ್ಚು ಸಲ ನೋಡಿದ ವಿಡಿಯೊ ಆಯಿತು. 2022ರ ಜನವರಿಗೆ ಸಾವಿರ ಕೋಟಿ ದಾಟಿತು. ಕೊರೊನಾ ವರ್ಷದಲ್ಲಿ ನಮ್ಮ ಶಿಕ್ಷಣ ಇಲಾಖೆಯೇ ‘ಮಕ್ಕಳವಾಣಿ’ ಎಂಬ ಚಾನೆಲ್ ತೆರೆಯಿತು. ಬೆಂಗಳೂರಿನ ವಿ. ರವಿಶಂಕರ್ ಗೋವಿನ ಕಥೆಯನ್ನು ‘ಪುಣ್ಯಕೋಟಿ’ ಎಂದು ಸಂಸ್ಕೃತದಲ್ಲಿ ಅನಿಮೇಷನ್ ಮಾಡಿದರು, ಇಳಯರಾಜ ಸಂಗೀತದಲ್ಲಿ. ನನ್ನ ಚಿಕ್ಕಂದಿನಲ್ಲಿ ಇವುಗಳಲ್ಲಿ ಒಂದು ಸಿಕ್ಕಿದ್ದರೂ ವರ್ಷವಿಡೀ ಹಾಡುತ್ತಿದ್ದೆವು.

ನಿವೃತ್ತಿಯಾಗಿ ಬೆಂಗಳೂರಿನ ಮಗಳ ಮನೆಗೆ ಬಂದ ಮೇಲೆ ನಾಲ್ಕು ವರ್ಷದ ಮೊಮ್ಮಗಳಿಗೆ ಹಾಡು ಹುಡುಕುವ ಕೆಲಸ ನನ್ನದು. ಒಂದು ಹಾಡು ಮುಗಿದ ಕೂಡಲೇ ಇನ್ನೊಂದು ತಾನೇ ಬರುತ್ತದೆ. ಅದನ್ನು ಆರಿಸಿದವರು ಯಾರು? ಕಿಳ್ಳೇಕ್ಯಾತರ ಅಣ್ಣನಿಗೆ ಮುಂದಿನ ಸಾಲಿನ ಕಣ್ಣು ಕಾಣುತ್ತಿತ್ತು, ಪಂಜೆಯವರಿಗೆ ಒಂದು ತರಗತಿಯಿತ್ತು, ವಿಜಯಾ ಮುಳೆ ಅವರ ಮನಸ್ಸಿನಲ್ಲಿ ಒಬ್ಬ ತಮ್ಮನಿದ್ದ. ಯಂತ್ರ ಮಗು ಎಷ್ಟು ಹೊತ್ತು ನೋಡಿತು ಎಂಬುದನ್ನು ಮಾತ್ರ ನೋಡುತ್ತದೆ. ಒಂದು ಮಧ್ಯಾಹ್ನ ವಿಡಿಯೊವೊಂದರ ಮುಂದೆ ಪೆನ್ನು ಹಿಡಿದು ಕೂತು ಎಣಿಸಿದೆ: ಒಂದು ನಿಮಿಷದಲ್ಲಿ ಚಿತ್ರ ಮೂವತ್ತೆಂಟು ಸಲ ಬದಲಾಯಿತು. ಕೂಸಿಗೆ ಒಂದು ಸಾಲು ಹೇಳಿಕೊಳ್ಳುವಷ್ಟು ತೆರಪಿಲ್ಲ. ಅವಳು ಹಾಡುತ್ತಿರಲಿಲ್ಲ, ಬಾಯಿ ಅರ್ಧ ತೆರೆದು ನೋಡುತ್ತಿದ್ದಳು.

ಹಾಗಾಗಿ ಈಗ ರಾತ್ರಿ ಅವಳು ಮಲಗಿದ ಮೇಲೆ ನಾನೊಬ್ಬಳೇ ಹುಡುಕುತ್ತೇನೆ. ಮೊದಲು ಕಣ್ಣು ಮುಚ್ಚಿ ಕೇಳುತ್ತೇನೆ, ಹಾಡಿದವರ ಬಾಯಲ್ಲಿ ಕನ್ನಡ ಸಲೀಸಾಗಿ ಹೊರಳುತ್ತದೆಯೇ ಎಂದು. ಸಾಲಿನ ಕೊನೆಗೆ ಉಸಿರಿಗೆ ಜಾಗವಿದ್ದರೆ ಆಮೇಲೆ ಚಿತ್ರ ನೋಡುತ್ತೇನೆ. ಹುಡುಕುವಾಗ ‘ರೈಮ್ಸ್’ ಎಂದು ಹಾಕುವುದಿಲ್ಲ. ಪದ್ಯದ ಹೆಸರನ್ನೋ ಬರೆದವರ ಹೆಸರನ್ನೋ ಕನ್ನಡದಲ್ಲೇ ಬರೆಯುತ್ತೇನೆ. ಆಗ ಯಾವುದೋ ಊರಿನ ಟೀಚರ್ ಒಬ್ಬರು ಶಾಲೆಯ ಅಂಗಳದಲ್ಲಿ ಮಕ್ಕಳಿಂದ ಹಾಡಿಸಿದ ವಿಡಿಯೊ ಸಿಗುತ್ತದೆ. ಹಿಂದೆ ಬಿಸಿಯೂಟದ ಪಾತ್ರೆಯ ಸದ್ದು, ಸಾಲು ತಪ್ಪಿದ ಹುಡುಗನ ನಗು. ನೋಡಿದವರು ಇನ್ನೂರು ಮಂದಿ. ಅಂಥವನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಬೆಳಿಗ್ಗೆ ಎರಡೇ ಹಾಡು, ಆಮೇಲೆ ಟಿ.ವಿ.ಗೆ ಟವೆಲ್ಲು ಹೊದಿಸಿ “ಈಗ ನಮ್ಮ ಪಾಳಿ” ಅನ್ನುತ್ತೇನೆ.

2023ರ ಬರಗಾಲದಲ್ಲಿ ಊರಿಗೆ ಹೋಗಿದ್ದಾಗ ಹುಡುಗರು ಮಳೆ ಬೇಡುವ ಗುರ್ಜಿ ಹೊತ್ತುಕೊಂಡು ಓಣಿಯಲ್ಲಿ ಬಂದರು. ಒಬ್ಬನ ತಲೆಯ ಮೇಲೆ ರೊಟ್ಟಿ ಹಂಚು, ಹಂಚಿನ ಮೇಲೆ ಸೆಗಣಿಯ ಗುರ್ಜಿ, ಅದರ ನೆತ್ತಿಗೆ ಗರಿಕೆ. ಉಳಿದವರು ಮಳೆ ಕರೆಯುತ್ತ ಹಾಡುತ್ತಿದ್ದರು. ಪ್ರತಿ ಮನೆಯಿಂದ ಒಬ್ಬ ತಾಯಿ ಕೊಡ ತಂದು ಆ ಹಂಚಿನ ಮೇಲೆ ನೀರು ಸುರಿದಳು, ಹುಡುಗ ಗಿರ್ರನೆ ತಿರುಗಿದ, ನೀರು ಎಲ್ಲರ ಮೇಲೂ ಸಿಡಿಯಿತು. ಕುಡಿಯುವ ನೀರಿಗೂ ಕಷ್ಟವಿದ್ದ ವರ್ಷ. ಆದರೂ ಯಾರೂ ಕೊಡ ಅರ್ಧ ತಂದಿರಲಿಲ್ಲ. ನಾಲ್ಕು ನಿಮಿಷ ಫೋನಿನಲ್ಲಿ ಹಿಡಿದೆ. ಕೈ ನಡುಗಿ ಚಿತ್ರ ಅಲ್ಲಾಡಿದೆ, ಕೊನೆಯಲ್ಲಿ ಗಾಜಿನ ಮೇಲೂ ಹನಿ ಬಿದ್ದಿದೆ.

ಮೊಮ್ಮಗಳಿಗೆ ಈಗ ಅದೇ ಬೇಕು. ಹತ್ತು ಸಲ ನೋಡಿದಳು, ಹದಿನೈದು ಸಲ ನೋಡಿದಳು. “ಅಜ್ಜಿ, ಆ ಅಣ್ಣಗ ಚಳಿ ಆಗಲಿಲ್ಲೇನು?” ಎಂದು ಕೇಳಿದಳು. ಮೊನ್ನೆ ಸ್ನಾನದ ಹೊತ್ತಿಗೆ ಬಚ್ಚಲಿಂದ ಕರೆದಳು. ಹೋಗಿ ನೋಡಿದರೆ ತಲೆಯ ಮೇಲೆ ಅಡುಗೆಮನೆಯ ದೋಸೆ ಹಂಚು, ಅದರ ಮೇಲೆ ನೀಲಿ ಬಣ್ಣದ ಆಟದ ಮಣ್ಣಿನಲ್ಲಿ ಮಾಡಿದ ಸಣ್ಣ ಗೊಂಬೆ, ಗೊಂಬೆಯ ನೆತ್ತಿಗೆ ಕೊತ್ತಂಬರಿಯ ಒಂದು ಎಸಳು. ಹಾಡಿನ ಎರಡು ಸಾಲು ಸರಿಯಾಗಿ ಹೇಳಿದಳು, ಮೂರನೆಯದು ಮರೆತು ಅಲ್ಲಿ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಮಾಮನ ಹೆಸರು ಸೇರಿಸಿದಳು.

“ಹಾಕಜ್ಜಿ ನೀರು” ಅಂದಳು. ನಾನು ಚೆಂಬು ತುಂಬಿಕೊಂಡೆ.